ಕುರ್ಚಿಯ ಮೇಲೊಂದು ಟವೆಲ್ಲು

ಮದುವೆ ಊಟಕ್ಕೆ ಕುರ್ಚಿ ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರು ತಾಲ್ಲೂಕಿನಲ್ಲೂ ಇಲ್ಲ ಎಂಬ ಜಂಬ ನನಗೆ ಮೊನ್ನೆ ಮೊನ್ನೆಯವರೆಗೂ ಇತ್ತು. ಕೆಲವರಿಗೆ ಸಂಗೀತ ಒಲಿಯುತ್ತದೆ, ಕೆಲವರಿಗೆ ವ್ಯಾಪಾರ ಕೈಹಿಡಿಯುತ್ತದೆ. ನನಗೆ ದಕ್ಕಿದ್ದು ಇದೊಂದೇ ವಿದ್ಯೆ. ನಮ್ಮ ಕಡೆಯ ಕಲ್ಯಾಣಮಂಟಪದ ಊಟದ ಹಾಲ್ ನೀವು ನೋಡಿಯೇ ಇರುತ್ತೀರಿ. ಒಳಗೆ ಒಂದು ಪಂಕ್ತಿ ಉಣ್ಣುತ್ತಿರುತ್ತದೆ, ಹೊರಗೆ ಮುಂದಿನ ಪಂಕ್ತಿ ಬಾಗಿಲಿಗೆ ಒತ್ತಿಕೊಂಡು ನಿಂತಿರುತ್ತದೆ. ಮಧ್ಯೆ ಒಂದು ಬಾಗಿಲು, ಬಾಗಿಲ ಸಂದಿಯಿಂದ ತಿಳಿಸಾರಿನ ವಾಸನೆ. ಮದುಮಕ್ಕಳ ತಲೆಗೆ ಅಕ್ಷತೆ ಬಿದ್ದಿತೋ ಇಲ್ಲವೋ ಹೇಳಲಾರೆ, ಒಳಗೆ ಎಷ್ಟನೇ ಸಲ ಮಜ್ಜಿಗೆ ಹೋಯಿತು ಎಂಬುದನ್ನು ಮಾತ್ರ ಹೊರಗೆ ನಿಂತೇ ಹೇಳಬಲ್ಲೆ. ಚಿಲಕ ಸರಿಯಿತು ಎನ್ನುವಷ್ಟರಲ್ಲಿ ನಾನು ಒಳಗಿರುತ್ತೇನೆ. ಹೆಗಲ ಮೇಲಿನ ಟವೆಲ್ಲು ಒಂದು ಕುರ್ಚಿಗೆ, ಕರವಸ್ತ್ರ ಇನ್ನೊಂದಕ್ಕೆ, ಕನ್ನಡಕದ ಡಬ್ಬಿ ಮತ್ತೊಂದಕ್ಕೆ. ಆಮೇಲೆ ಏನೂ ಅರಿಯದವನ ಹಾಗೆ ಗೋಡೆಯ ಮೇಲಿನ ಫ್ಯಾನು ನೋಡುತ್ತ ನಿಲ್ಲುವುದು.

ಇದಕ್ಕೂ ಒಂದು ಶಾಸ್ತ್ರವಿದೆ, ಯಾರೂ ಬರೆದಿಟ್ಟಿಲ್ಲ ಅಷ್ಟೇ. ಎಲ್ಲಕ್ಕಿಂತ ಹೆಚ್ಚಿನ ಮರ್ಯಾದೆ ಟವೆಲ್ಲಿಗೆ. ಎಂಥ ಹಸಿದವನೂ ಟವೆಲ್ಲನ್ನು ಎತ್ತಿ ಪಕ್ಕಕ್ಕಿಟ್ಟು ಕೂರುವುದಿಲ್ಲ. ಕರವಸ್ತ್ರಕ್ಕೆ ಅದರ ಅರ್ಧ ಬೆಲೆ. ದಿನಪತ್ರಿಕೆಯನ್ನು ಸರಿಸಬಹುದು, ಸರಿಸಿದವರ ಮೇಲೆ ಮುನಿಸಿಕೊಳ್ಳಲೂಬಹುದು. "ಇಲ್ಲಿ ಜನ ಬತ್ತಾರೆ ಕಣ್ರೀ" ಎಂಬ ಬಾಯಿಮಾತಿಗೆ ಮಾತ್ರ ಮೂರು ಕಾಸಿನ ಕಿಮ್ಮತ್ತಿಲ್ಲ. ಒಮ್ಮೆ ಹುಳಿಯಾರಿನ ಮದುವೆಯೊಂದರಲ್ಲಿ ಒಬ್ಬರು ತಮ್ಮ ಒಂದು ಚಪ್ಪಲಿಯನ್ನೇ ಕುರ್ಚಿಯ ಮೇಲಿಟ್ಟು ಹೋಗಿದ್ದರು. ಕುರ್ಚಿಯೇನೋ ಉಳಿಯಿತು, ಅವರು ಮರಳಿ ಬಂದಾಗ ಅಕ್ಕಪಕ್ಕದ ಕುರ್ಚಿಗಳೂ ಖಾಲಿಯಾಗಿದ್ದವು.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ ಹೋದ ಬೇಸಿಗೆ ರಜದಲ್ಲಿ ನಾನು ಈ ವಿದ್ಯೆಯನ್ನು ನಂಬಿ ಒಂದು ದೊಡ್ಡ ಜಾಗದಲ್ಲಿ ಮಾನ ಕಳೆದುಕೊಂಡೆ. ಮಾನ ಹೋದದ್ದಕ್ಕೆ ಬೇಸರವಿಲ್ಲ, ಅದು ನನಗೆ ಅಭ್ಯಾಸವೇ. ಅದರ ಜೊತೆಗೆ ಇನ್ನೊಂದು ಸಂಗತಿ ಗೊತ್ತಾಯಿತು, ಅದನ್ನು ನಿಮಗೆ ಹೇಳಿಬಿಟ್ಟರೆ ಮನಸ್ಸು ಹಗುರವಾದೀತು.

ಬಿಳಿಗೆರೆಯಲ್ಲಿ ನಮ್ಮದು ಇನ್ನೂ ಒಟ್ಟು ಮನೆ. ಅಣ್ಣ, ಅತ್ತಿಗೆ, ನಾನು, ನನ್ನ ಹೆಂಡತಿ ಸರೋಜ. ತುರುವೇಕೆರೆಯಲ್ಲಿ ಟೀಚರಾಗಿರುವ ಮಗಳು ಸುಮ ತನ್ನ ಮಗಳು ಸಿರಿಯನ್ನು ಕರೆದುಕೊಂಡು ರಜಕ್ಕೆ ಬರುತ್ತಾಳೆ. ಆಟದ ಪಾರ್ಕು, ನೀರಿನ ಜಾರುಬಂಡೆ, ತಂಗಲು ರೂಮು ಎಲ್ಲ ಒಂದೇ ಕಾಂಪೌಂಡಿನಲ್ಲಿರುವ ರೆಸಾರ್ಟೊಂದು ಬೆಂಗಳೂರು ದಾರಿಯಲ್ಲಿದೆ, ಎಲ್ಲರೂ ಹೋಗಿ ಒಂದು ದಿನ ಇದ್ದು ಬರೋಣ ಎಂದು ಸಿರಿ ಹಟ ಹಿಡಿದಳು. ಸುಮ ಎರಡು ರೂಮು ಗೊತ್ತು ಮಾಡಿ ನನಗೆ ಒಂದೇ ಒಂದು ಕೆಲಸ ವಹಿಸಿದಳು.

"ಅಪ್ಪ, ಅಲ್ಲಿ ಕಾರಂಜಿ ಕಾಣೋ ಹಂಗೆ ಒಂದು ಊಟದ ಹಾಲ್ ಐತಂತೆ. ಒಂದು ಗಂಟೆಗೆ ಹಾಡು ಹಾಕಿ ನೀರು ಕುಣಿಸ್ತಾರಂತೆ. ರೂಮ್ ತಗೊಂಡೋರು ಒಂದು ತಿಂಗಳು ಮುಂಚೇನೇ ಟೇಬಲ್ ಬುಕ್ ಮಾಡ್ಬೋದು. ಫೋನಿಗೆ ಕಳ್ಸಿದೀನಿ, ಅದೊಂದು ನೀನು ಮಾಡ್ಬುಡು."

ಊಟಕ್ಕೂ ಒಂದು ತಿಂಗಳು ಮುಂಚೆ ರಿಸರ್ವೇಷನ್ ಎಂಬುದನ್ನು ಕೇಳಿ ನಾನು ನಕ್ಕ ನಗುವಿಗೆ ಜಗಲಿಯ ಮೇಲಿದ್ದ ಬೆಕ್ಕು ಎದ್ದು ಹೋಯಿತು. ಮುಂದಿನ ತಿಂಗಳು ಇಂಥ ದಿನ ಒಂದು ಗಂಟೆಗೆ ನನಗೆ ಹಸಿವಾಗುತ್ತದೆ ಎಂದು ಇವತ್ತೇ ಹೇಗೆ ಬರೆದುಕೊಡುವುದು?

ಆಗ ಅತ್ತಿಗೆ ಅಟ್ಟದ ಏಣಿಯ ಬುಡದಲ್ಲಿ ಕೂತು ಕಾಯಿ ಅಲ್ಲಾಡಿಸಿ ನೋಡುತ್ತಿದ್ದರು. ನಮ್ಮ ಸೀಮೆಯಲ್ಲಿ ಕೊಬ್ಬರಿಯಾಗುವುದು ಹೀಗೆ. ಕಿತ್ತ ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು ಒಳಗೇ ಉರುಳಾಡತೊಡಗಿದರೆ ಗಿಟಕಾಯಿತು ಎಂದು ಲೆಕ್ಕ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಎನ್ನಬೇಕು. ಅತ್ತಿಗೆಯ ಕಿವಿ ಈ ವಿಷಯದಲ್ಲಿ ಹೈಕೋರ್ಟು ಇದ್ದಹಾಗೆ, ಅದರ ಮೇಲೆ ಅಪೀಲಿಲ್ಲ. ಅವರು ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ಕೇಳಿದರು.

"ಅಲ್ಲಿ ಬಡಿಸೋರು ಬೇರೆಯೋರು ಇರ್ತಾರಾ?"

"ಇರ್ತಾರೆ ಅತ್ತಿಗಮ್ಮ, ಅದ್ಕೇ ಅಂತ ಜನ ಇಟ್ಕಂಡಿರ್ತಾರೆ."

"ಹಂಗಾರೆ ನಾನೂ ನಿಮ್ ಜೊತೇಲೇ ಮೊದಲ್ನೇ ಪಂಕ್ತೀಗೆ ಕೂರ್ತೀನಿ ಕಣಪ್ಪ. ಆ ನೀರು ಕುಣಿಯೋದ್ನ ನೋಡ್ಕಂಡು ಎಲ್ರೂ ಒಟ್ಟಿಗೆ ಉಣ್ಣಾನ."

ಎಷ್ಟು ಸಹಜವಾಗಿ ಹೇಳಿದರೆಂದರೆ, ಆ ಮಾತಿನ ತೂಕ ನನಗೆ ತಟ್ಟಲು ಸ್ವಲ್ಪ ಹೊತ್ತು ಹಿಡಿಯಿತು. ಅತ್ತಿಗೆ ನಮ್ಮ ಮನೆಗೆ ಬಂದಾಗ ನಾನು ನಾಲ್ಕನೇ ಕ್ಲಾಸು. ಅಲ್ಲಿಂದ ಇಲ್ಲಿಯವರೆಗೆ ಹತ್ತಿರ ಹತ್ತಿರ ಐವತ್ತು ವರ್ಷ, ಅವರು ನಮ್ಮೊಂದಿಗೆ ಕೂತು ಉಂಡದ್ದು ನನಗೆ ನೆನಪಿಲ್ಲ. ಮನೆಯಲ್ಲಿ ಬಡಿಸುತ್ತಿದ್ದರು. ಮದುವೆಗಳಲ್ಲಿ ಯಾರದೋ ಮಗು ಎತ್ತಿಕೊಂಡಿರುತ್ತಿದ್ದರು, ಇಲ್ಲವೇ ತಾಂಬೂಲದ ತಟ್ಟೆಯ ಮುಂದೆ ಕೂತಿರುತ್ತಿದ್ದರು. ಕೊನೆಯ ಪಂಕ್ತಿಯಲ್ಲಿ, ಒಬ್ಬಟ್ಟು ಮುಗಿದು ಬೂಂದಿಯ ಪುಡಿ ಬಡಿಸುವ ಹೊತ್ತಿಗೆ, ಎಲ್ಲೋ ಒಂದು ಮೂಲೆಯಲ್ಲಿ ಉಂಡು ಬರುತ್ತಿದ್ದರು. ಯಾರೂ ಅವರನ್ನು ಕೊನೆಗೆ ಕೂರಿಸಿದವರಲ್ಲ. ಮೊದಲು ಕೂರಿಸಿದವರೂ ಇಲ್ಲ.

"ಅದು ನನ್ನ ಜವಾಬ್ದಾರಿ ಬುಡಿ ಅತ್ತಿಗಮ್ಮ" ಎಂದು ಎದೆ ತಟ್ಟಿಕೊಂಡೆ. ಆಮೇಲೆ ಮಗಳು ಕಳಿಸಿದ್ದನ್ನು ತೆರೆದೂ ನೋಡಲಿಲ್ಲ. ಒಂದು ಕೊಬ್ಬರಿಗಾಗಿ ಹನ್ನೊಂದು ತಿಂಗಳು ಕಾಯುವ ಜನ ನಾವು, ಒಂದು ಊಟಕ್ಕಾಗಿ ಒಂದು ತಿಂಗಳು ಮುಂದೆ ಯೋಚಿಸಲು ನನಗೆ ಸೋಮಾರಿತನ. ನಿಜ ಹೇಳಬೇಕೆಂದರೆ ಸೋಮಾರಿತನಕ್ಕಿಂತ ಜಂಬವೇ ಹೆಚ್ಚಾಗಿತ್ತು. ಹೆಗಲ ಮೇಲೆ ಟವೆಲ್ಲಿರುವಾಗ ಫೋನಿನಲ್ಲಿ ಬುಕ್ ಮಾಡುವುದೇ?

ರೆಸಾರ್ಟಿನ ಊಟದ ಹಾಲಿನ ಬಾಗಿಲಲ್ಲಿ ಒಂದು ಕೌಂಟರು. ಅದರ ಹಿಂದೆ ನಲವತ್ತೈದರ ಆಸುಪಾಸಿನ ಒಬ್ಬ ಹೆಂಗಸು, ಗಂಜಿ ಹಾಕಿದ ಸೀರೆ, ಮುಂದೊಂದು ಕಂಪ್ಯೂಟರು. ಮೊದಲು ಪುಸ್ತಕದ ಕನ್ನಡದಲ್ಲಿ ಮಾತಾಡಿದವರು, ನನ್ನ ಮಾತು ಕೇಳಿ ತಮ್ಮ ಮಾತಿಗೇ ಇಳಿದರು. ಹುಳಿಯಾರು ಕಡೆಯವರಂತೆ.

"ಒಂದು ಗಂಟೆಗೆ ಪೂರಾ ಭರ್ತಿ ಸರ್. ಹೋದ ತಿಂಗಳೇ ತುಂಬೋಯ್ತು. ಮೂರೂ ಕಾಲಿಗೆ ಒಂದು ಟೇಬಲ್ ಐತೆ, ಬರ್ಕಳ್ಲಾ?"

"ಮೂರೂ ಕಾಲಿಗೆ ನೀರು ಕುಣಿಯುತ್ತಾ?"

"ಇಲ್ಲ ಸರ್, ಅಷ್ಟೊತ್ತಿಗೆ ಅದು ನಿಂತಿರ್ತದೆ."

ಆ ಮೂರೂ ಕಾಲನ್ನು ಸುಮ ಬರೆಸಿದಳು. ನಾನು ಹುಲ್ಲಿನ ಮೇಲಿನ ಬೆಂಚಿನಲ್ಲಿ ಕೂತು ನ್ಯಾಯಾನ್ಯಾಯಗಳ ಬಗ್ಗೆ ಭಾಷಣ ಶುರು ಮಾಡಿದೆ. ಅಲ್ಲಿನ ಕಾನೂನು ಹೀಗಿತ್ತು. ರೂಮು ಹಿಡಿದವರಿಗೆ ಒಂದು ತಿಂಗಳು ಮುಂಚೆ. ಬರೀ ಪಾರ್ಕಿಗೆ ಟಿಕೆಟು ತೆಗೆದು ಬಂದವರಿಗೆ ಅದೇ ದಿನ ಬೆಳಿಗ್ಗೆ ಎಂಟು ಗಂಟೆಗೆ, ಉಳಿದಿದ್ದರೆ. ಹಾಗಾದರೆ ಬೆಳಗಿನ ಬಸ್ಸಿಗೆ ಹೊರಟು ಬಂದವನು ಏನು ಮಾಡಬೇಕು? ಫೋನು ಒತ್ತಲು ಬಾರದವನು? ಹಸಿವಿಗೆ ಬೆಲೆ ಇಲ್ಲವೇ, ಬೆರಳಿನ ಚುರುಕಿಗೇ ಬೆಲೆಯೇ? ಭಾಷಣ ಚೆನ್ನಾಗಿಯೇ ಬರುತ್ತಿತ್ತು.

"ಲೇ, ನೀನು ಮದ್ವೇಲಿ ಟವೆಲ್ ಹಾಕ್ತೀಯಲ್ಲ, ಆಗ ಹಿಂದೆ ನಿಂತಿರೋ ಮುದುಕ್ರು ಏನ್ಮಾಡ್ಬೇಕು ಅಂತ ಯಾವತ್ತಾದ್ರೂ ಕೇಳಿದ್ಯೇನ್ಲಾ?" ಎಂದ ಅಣ್ಣ. ಅವನು ದಿನಕ್ಕೆ ನಾಲ್ಕು ಮಾತಾಡುವವನು. ಆ ನಾಲ್ಕರಲ್ಲಿ ಮೂರು ನನ್ನ ಬಾಯಿ ಮುಚ್ಚಿಸುವುದಕ್ಕೇ ಇರುತ್ತವೆ.

"ಅಲ್ಲಪ್ಪ, ನಮ್ಗೆ ರೂಮಿತ್ತು, ಒಂದು ತಿಂಗಳು ಟೈಮಿತ್ತು, ಫೋನೂ ಇತ್ತು" ಎಂದಳು ಸುಮ. ನ್ಯಾಯದ ಬಗ್ಗೆ ನನಗೆ ಇಷ್ಟು ಕಳಕಳಿ ಹುಟ್ಟುವುದು ನನಗೆ ಜಾಗ ಸಿಗದ ದಿನ ಮಾತ್ರ ಎಂಬುದು ಆ ಬೆಂಚಿನ ಮೇಲೆ ಕೂತಾಗಲೇ ಹೊಳೆಯಿತು.

ಅತ್ತಿಗೆ ಹಾಲ್‌ನ ದೊಡ್ಡ ಗಾಜಿನ ಆಚೆಗಿದ್ದ ಕೊಳವನ್ನು ಒಮ್ಮೆ ನೋಡಿದರು. "ಮೂರೂ ಕಾಲಾದ್ರೇನು, ಬುಡಿ. ನಂಗೆ ಊಟದ ಹೊತ್ತು ಅದೇಯ" ಎಂದರು. ಅವರು ಸಮಾಧಾನಕ್ಕೆ ಹೇಳಿದ್ದು, ನನಗೆ ಅದು ಚುಚ್ಚಿತು. ಮಾತು ಕೊಟ್ಟವನು ನಾನು. ಏನಾದರಾಗಲಿ ಇವತ್ತು ಅತ್ತಿಗೆಗೆ ಕಾರಂಜಿ ಕಾಣುವ ಕುರ್ಚಿ ಹಿಡಿದೇ ತೀರುತ್ತೇನೆ ಎಂದು ಎದ್ದೆ.

ಹನ್ನೆರಡೂ ಕಾಲಿಗೆ ಹಾಲ್ ಅರ್ಧಕ್ಕರ್ಧ ಖಾಲಿ. ಕೌಂಟರಿನ ಹೆಂಗಸು ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದರು. ಅಡಿಗೆಮನೆ ಕಡೆಯ ಬಾಗಿಲಿಂದ ನುಸುಳಿದೆ. ಗಾಜಿನ ಪಕ್ಕದಲ್ಲೇ ಆರು ಕುರ್ಚಿಯ ಒಂದು ಟೇಬಲು, ನಮಗಾಗಿಯೇ ಇಟ್ಟಂತಿತ್ತು. ಟೇಬಲಿನ ಮಧ್ಯೆ ಏನೋ ಒಂದು ಸಣ್ಣ ಬೋರ್ಡು ನಿಲ್ಲಿಸಿದ್ದರು, ಅದನ್ನು ಓದುವ ಗೋಜಿಗೆ ಹೋಗಲಿಲ್ಲ. ನನ್ನವೂ ಬೆಂಚಿನಿಂದ ಎತ್ತಿಕೊಂಡು ಬಂದವೂ ಸೇರಿ ಕೈಯಲ್ಲಿದ್ದುದನ್ನೆಲ್ಲ ಕುರ್ಚಿಗಳ ಮೇಲೆ ಸಾಲಾಗಿ ಇಟ್ಟೆ, ಟವೆಲ್ಲನ್ನು ಅಂಚು ಎಳೆದು ನೀಟಾಗಿ ಹಾಸಿದೆ. ಕಾವಲು ಬೇಕೆನಿಸಲಿಲ್ಲ. ಟವೆಲ್ಲಿನ ಮಾತನ್ನು ಯಾರು ತಾನೆ ಮೀರುತ್ತಾರೆ?

ಜಾರುಬಂಡೆಯ ಹತ್ತಿರವಿದ್ದ ಎಲ್ಲರನ್ನೂ ಒಟ್ಟು ಮಾಡಿಕೊಂಡು ಒಂದಕ್ಕೆ ಹತ್ತು ನಿಮಿಷವಿರುವಾಗ ಬಂದೆ. ನಮ್ಮ ಟೇಬಲಿನಲ್ಲಿ ಬೇರೆ ಒಂದು ಸಂಸಾರ ಕೂತು ಆಗಲೇ ಹಪ್ಪಳ ಮುರಿಯುತ್ತಿತ್ತು. ಕೌಂಟರಿನ ಹೆಂಗಸು ನನ್ನನ್ನು ಕಂಡವರೇ ಒಂದು ಟ್ರೇ ಎತ್ತಿ ಮುಂದಿಟ್ಟರು. ಅದರಲ್ಲಿ ನನ್ನ ಟವೆಲ್ಲು, ನನ್ನ ಜನ್ಮದಲ್ಲಿ ನಾನು ಮಡಿಸದಷ್ಟು ಚೆನ್ನಾಗಿ ಮಡಿಸಿಕೊಂಡು ಮಲಗಿತ್ತು.

"ಸರ್, ಇವು ನಿಮ್ಮವೇ ಅಲ್ವಾ? ಟೇಬಲ್ ಹತ್ರ ಮರ್ತು ಬಂದುಬುಟ್ಟಿದ್ರಿ."

ಮರೆತು ಬಂದದ್ದು ಎಂದರಲ್ಲ, ಅದು ಆಕೆಯ ದೊಡ್ಡತನ. ನಾನು ಆ ದೊಡ್ಡತನವನ್ನೂ ಉಳಿಸಿಕೊಳ್ಳಲಿಲ್ಲ. "ಮರ್ತಿದ್ದಲ್ಲಮ್ಮ, ಜಾಗ ಹಿಡ್ದಿದ್ದು. ನಾವು ಆರು ಜನ ಇದೀವಿ, ಆರು ಕುರ್ಚಿಗೂ ಇಟ್ಟಿದ್ದೆ" ಎಂದೆ.

ಆಕೆ ಟ್ರೇ ನೋಡಿದರು. ಬೆರಳಿಟ್ಟು ಎಣಿಸಿದರು. ಮುಖ ಸಣ್ಣದಾಯಿತು.

"ಆರಾ? ಇಲ್ಲಿ ಐದೇ ಅವಲ್ಲ ಸರ್. ಇನ್ನೊಂದು ಏನಿತ್ತು? ತಡೀರಿ, ಹುಡುಕಿಸ್ತೀನಿ. ನಮ್ಮಲ್ಲಿ ಏನೂ ಕಳೆದೋಗಾಕಿಲ್ಲ."

ನಾನೂ ಎಣಿಸಿದೆ. ಟವೆಲ್ಲು, ಅದು ಅಣ್ಣನ ಕುರ್ಚಿಗೆ. ಯಾವಾಗಲೂ ಅವನಿಗೇ. ಕರವಸ್ತ್ರ ಸರೋಜಳಿಗೆ. ನೀರಿನ ಬಾಟಲಿ ಸುಮಳಿಗೆ. ಹೂವಿನ ಟೋಪಿ ಸಿರಿಗೆ. ಕನ್ನಡಕದ ಡಬ್ಬಿ ನನಗೆ. ಆರನೆಯದು ಏನಿಟ್ಟಿದ್ದೆ? ಜೇಬು ಮುಟ್ಟಿ ನೋಡಿಕೊಂಡೆ. ಆಕೆ ಆಗಲೇ ಒಳಗಿನವರನ್ನು ಕೂಗಿ ಟೇಬಲಿನ ಕೆಳಗೆ ನೋಡಿ ಎನ್ನುತ್ತಿದ್ದರು. ಆರನೆಯದು ಇರಲೇ ಇಲ್ಲ ಎಂದು ನನಗೆ ಗೊತ್ತಾದದ್ದು ಆಗ. ಐವತ್ತು ವರ್ಷದಿಂದ ಯಾರಿಗೆ ಗುರುತು ಇಟ್ಟು ಕೈಗೆ ಅಭ್ಯಾಸವೇ ಇರಲಿಲ್ಲವೋ ಅವರಿಗೆ ಇವತ್ತೂ ಇಟ್ಟಿರಲಿಲ್ಲ. ಯಾರಿಗಾಗಿ ಕದ್ದು ಒಳಗೆ ನುಸುಳಿದ್ದೆನೋ, ಅವರ ಕುರ್ಚಿಯನ್ನೇ ಖಾಲಿ ಬಿಟ್ಟು ಬಂದಿದ್ದೆ.

ಅತ್ತಿಗೆ ನನ್ನ ಪಕ್ಕದಲ್ಲೇ ನಿಂತಿದ್ದರು. ಟ್ರೇಯಲ್ಲಿದ್ದುದನ್ನು ಅವರೂ ನೋಡಿದರು. ಕಾಯಿ ಅಲ್ಲಾಡಿಸಿದೊಡನೆ ಒಳಗೇನಿದೆ ಎಂದು ಹೇಳುವವರಿಗೆ ಇದೇನು ತಿಳಿಯದ್ದೇ?

"ಹುಡುಕ್ಬ್ಯಾಡಿ ಕಣಮ್ಮ" ಎಂದರು ಆಕೆಗೆ. "ನಮ್ದು ಅಷ್ಟೇ ಇದ್ದಿದ್ದು."

ನನಗೆ ನಾಚಿಕೆಯಾಯಿತು. ಇಂಥ ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಅಷ್ಟರಲ್ಲಿ ಗಾಜಿನಾಚೆ ಹಾಡು ಶುರುವಾಗಿ ನೀರು ಎದ್ದಿತು. ಅತ್ತಿಗೆ ಬಾಗಿಲಲ್ಲೇ ನಿಂತು, ಕೂತು ಉಣ್ಣುವವರ ತಲೆಗಳ ಮೇಲಿಂದ ಅದನ್ನು ಕೊನೆಯವರೆಗೂ ನೋಡಿದರು. ಕೌಂಟರಿನ ಹೆಂಗಸು ತಮ್ಮ ಕುರ್ಚಿ ತಂದು ಕೊಟ್ಟರು. ಅತ್ತಿಗೆ ಬೇಡವೆಂದರು, ನಿಂತರೇ ಚೆನ್ನಾಗಿ ಕಾಣುತ್ತದೆಯಂತೆ.

ಮೂರೂ ಕಾಲಿಗೆ ಕೂತೆವು. ಗಾಜಿನ ಆಚೆ ನೀರು ಸುಮ್ಮನೆ ನಿಂತಿತ್ತು, ಅದರ ಮೇಲೆ ಎರಡು ಎಲೆ ತೇಲುತ್ತಿದ್ದವು. ಬಡಿಸುವವರು ಬಂದಾಗಲೆಲ್ಲ ಅತ್ತಿಗೆಯ ಕೈ ತಾನಾಗಿ ಸೌಟಿನ ಕಡೆ ಹೋಗುತ್ತಿತ್ತು. ಸಿರಿಯ ತಟ್ಟೆಗೆ ಪಲ್ಯ ಹಾಕಲು ಒಮ್ಮೆ ಎದ್ದೇಬಿಟ್ಟರು. "ಕೂತ್ಕಳೇ, ಇವತ್ತು ನಿಂಗೆ ರಜ" ಎಂದ ಅಣ್ಣ. ಅದು ಅವನ ಆ ದಿನದ ಐದನೆಯ ಮಾತು.

"ತಪ್ಪಾಯ್ತು ಅತ್ತಿಗಮ್ಮ" ಎಂದೆ ನಾನು, ಮೆತ್ತಗೆ.

"ಬುಡಪ್ಪ. ಅಭ್ಯಾಸ ಇಲ್ದಿದ್ರೆ ಹಂಗೇಯ. ನಂಗೆ ನೋಡು, ಕೂತ್ಕಂಡು ಉಣ್ಣೋ ಅಭ್ಯಾಸ ಇಲ್ಲ, ಕೈ ಸೌಟು ಹುಡುಕ್ತೈತೆ."

ಊರಿಗೆ ಬಂದ ಮೇಲೆ ನಾನು ಈ ಮುಂಗಡ ಊಟದ ವಿಷಯವನ್ನು ಬಹಳ ಯೋಚಿಸಿದೆ. ಹಾಗೆ ನೋಡಿದರೆ ನಮ್ಮ ಮನೆಯಲ್ಲೂ ಬುಕಿಂಗ್ ಇತ್ತು. ನಾನು ತಿಪಟೂರಿಗೆ ಹೈಸ್ಕೂಲಿಗೆ ಹೋಗುತ್ತಿದ್ದಾಗ ಸಂಜೆ ಬಸ್ಸು ತಪ್ಪಿ ತಡವಾಗಿ ಬರುತ್ತಿದ್ದೆ. ಒಲೆಯ ಪಕ್ಕದ ಗೂಡಿನಲ್ಲಿ ಅತ್ತಿಗೆ ಇಟ್ಟ ಒಂದು ತಟ್ಟೆ, ಅದರ ಮೇಲೆ ಕವುಚಿದ ಇನ್ನೊಂದು ತಟ್ಟೆ. ಮುದ್ದೆ, ಉಪ್ಸಾರು, ಮೂಲೆಯಲ್ಲಿ ಒಂದು ಚೂರು ಬೆಲ್ಲ. ಬರುತ್ತೇನೆಂದು ಯಾರಿಗೂ ಮುಂಚೆ ತಿಳಿಸಬೇಕಿರಲಿಲ್ಲ. ತಡವಾಗಿ ಬಂದವನಿಗೂ ಪಾಲಿತ್ತು. ಸಂತೆಗೆ ಹೋದ ಅಪ್ಪನಿಗೊಂದು, ಹೊಲದಲ್ಲೇ ಉಳಿದ ಅಣ್ಣನಿಗೊಂದು, ಹೀಗೆ ಗೂಡಿನ ತುಂಬ ಮುಚ್ಚಿದ ತಟ್ಟೆಗಳು. ಮುಚ್ಚಿಟ್ಟವರಿಗೆ ಒಂದು ತಟ್ಟೆ ಮುಚ್ಚಿಟ್ಟವರು ಯಾರು ಎಂದು ನಾನು ಕೇಳಿರಲಿಲ್ಲ. ಉಂಡು ಕೈ ತೊಳೆದವನಿಗೆ ಅಂಥ ಪ್ರಶ್ನೆ ಹುಟ್ಟುವುದಿಲ್ಲ.

ಒಂದು ದಿನ ಅಟ್ಟದ ಬುಡದಲ್ಲಿ ಅತ್ತಿಗೆಯ ಜೊತೆ ಕೂತು ಕೇಳಿದೆ. "ಮೊದ್ಲು ಅಟ್ಟಕ್ಕೆ ಹಾಕಿದ ಕಾಯಿ ಮೊದ್ಲು ಗಿಟಕಾಗ್ಬೇಕು, ಅದು ನ್ಯಾಯ ಅಲ್ವಾ ಅತ್ತಿಗಮ್ಮ?"

"ಹಂಗೆಲ್ಲ ಎಲ್ಲೈತೆ? ಒಂದೊಂದ್ರದ್ದು ಒಂದೊಂದು ಹೊತ್ತು. ಸಾಲು ನೋಡಿದ್ರೆ ಗೊತ್ತಾಗಲ್ಲ ಕಣಪ್ಪ, ಎತ್ಕಂಡು ಕೇಳಿ ನೋಡ್ಬೇಕು" ಎಂದು ಇನ್ನೊಂದು ಕಾಯನ್ನು ಕಿವಿಗೆ ಹಿಡಿದರು. ರೆಸಾರ್ಟಿನ ಕಂಪ್ಯೂಟರಿಗೆ ಕಿವಿಯಿಲ್ಲ, ಅದನ್ನು ಬೈದು ಪ್ರಯೋಜನವಿಲ್ಲ. ಸಾವಿರ ಜನಕ್ಕೆ ಅದು ಸಾಲಿನ ನ್ಯಾಯವನ್ನೇ ಕೊಡಬಲ್ಲದು. ನನಗೆ ಎರಡು ಕಿವಿಯಿದ್ದೂ ಆರು ಜನರ ಮನೆಯಲ್ಲಿ ಕೇಳಿಸಿಕೊಂಡಿರಲಿಲ್ಲ.

ಹೋದ ತಿಂಗಳು ದಂಡಿನಶಿವರದ ನಮ್ಮ ನೆಂಟರ ಮದುವೆ, ತಿಪಟೂರಿನ ಮಂಟಪದಲ್ಲಿ. ಈ ಸಲ ಟವೆಲ್ಲು ಅತ್ತಿಗೆಗೇ ಎಂದು ಬೆಳಿಗ್ಗೆಯೇ ತೀರ್ಮಾನ ಮಾಡಿದ್ದೆ. ಹೊಸ ಟವೆಲ್ಲು, ಕೆಂಪು ಅಂಚಿನದು. ಮುಹೂರ್ತ ಮುಗಿಯುತ್ತಲೇ ಅವರನ್ನು ಕರೆದುಕೊಳ್ಳೋಣವೆಂದು ಹುಡುಕಿದೆ. ತಾಂಬೂಲದ ತಟ್ಟೆಯ ಮುಂದೆ ಇಲ್ಲ. ಮಕ್ಕಳ ನಡುವೆ ಇಲ್ಲ. ಹೆಣ್ಣಿನ ಕಡೆಯವರ ಕೋಣೆಯಲ್ಲೂ ಇಲ್ಲ. ಹುಡುಕುವ ಗಡಿಬಿಡಿಯಲ್ಲಿ ಚಿಲಕದ ಸದ್ದು ತಪ್ಪಿಸಿಕೊಂಡೆ, ನನ್ನ ಜೀವಮಾನದಲ್ಲೇ ಮೊದಲ ಸಲ. ಓಡಿಹೋಗಿ ನೋಡಿದರೆ ಹಾಲ್ ತುಂಬಿ ಹೋಗಿತ್ತು. ಎಲ್ಲ ಕುರ್ಚಿಯಲ್ಲೂ ಜನ, ಎಲ್ಲ ಕುರ್ಚಿಯ ಹಿಂದೆಯೂ ಮುಂದಿನ ಪಂಕ್ತಿಯವರು. ಕೈಯಲ್ಲಿ ಮಡಿಕೆ ಬಿಚ್ಚದ ಟವೆಲ್ಲು ಹಿಡಿದು ಬಾಗಿಲಲ್ಲಿ ನಿಂತೆ. ಮತ್ತೆ ಮಾತು ತಪ್ಪಿದೆನಲ್ಲ ಎಂದುಕೊಂಡೆ.

ಅಷ್ಟರಲ್ಲಿ ಮೂರನೇ ಸಾಲಿನಿಂದ ಒಂದು ಗುರುತಿನ ದನಿ ಕೇಳಿಸಿತು.

"ಇಲ್ಲಿ ಜನ ಅವ್ರೆ ಕಣಪ್ಪ. ನಮ್ಮ ಮೈದುನ, ಈಗ ಬತ್ತಾನೆ."

ಅತ್ತಿಗೆ. ಮೊದಲನೇ ಪಂಕ್ತಿಯಲ್ಲಿ, ಫ್ಯಾನಿನ ಕೆಳಗೆ, ಮುಂದೆ ಅಗಲವಾದ ಬಾಳೆಎಲೆ. ಪಕ್ಕದ ಕುರ್ಚಿಯ ಮೇಲೆ ಅವರ ತಾಂಬೂಲದ ಚೀಲ. ಆ ಕುರ್ಚಿಯನ್ನು ಕೇಳಿದವರು ಬಿಳಿ ಪಂಚೆಯ ಒಬ್ಬ ಹಿರಿಯರು, ಇನ್ನೂ ಅಲ್ಲೇ ಹಿಂದೆ ನಿಂತಿದ್ದರು. ನ್ಯಾಯವಾಗಿ ಅದು ಅವರಿಗೆ ಸೇರಬೇಕಾದ ಜಾಗ. ನಾನು ಅವರ ಮುಖ ನೋಡಲಾರದೆ ಹೊಸ ಟವೆಲ್ಲನ್ನು ತೊಡೆಯ ಮೇಲೆ ಹಾಕಿಕೊಂಡು ಕೂತೆ. ಬೇಗ ಉಂಡು ಎದ್ದು ಅವರನ್ನೇ ಕೂರಿಸಬೇಕೆಂದುಕೊಂಡೆ.

ಅತ್ತಿಗೆ ನನಗಾಗಿ ಜಾಗ ಹಿಡಿದಿದ್ದರು. ಊಟಕ್ಕೆ ಮಾತ್ರ ನನ್ನನ್ನು ಕಾದಿರಲಿಲ್ಲ. ಅವರ ಎಲೆಯ ಮೇಲಿನ ಒಬ್ಬಟ್ಟು ಆಗಲೇ ಅರ್ಧ ಮುಗಿದಿತ್ತು.